ಕರಡಿ ಸೀಮೆಯ ಹೊಲಕ್ಕೆ ಕೈಯಲ್ಲಿ ಏನಿರಬೇಕು?

ಮೆಕ್ಕೆಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ, ಕೂಡ್ಲಿಗಿ, ಕೊಟ್ಟೂರು ಸುತ್ತಿನ ಹಳ್ಳಿಗಳಲ್ಲಿ ಒಂದು ಮಾತು ತಪ್ಪದೆ ಎದ್ದು ಬರುತ್ತದೆ. ಥ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತದೆ, ಹೊಲ ಗುಡ್ಡದ ಬುಡದಲ್ಲಿದೆ, ಎಲ್ಲೋ ಒಂದು ಊರಲ್ಲಿ ಕರಡಿ ಮೈಮೇಲೆ ಬಿದ್ದ ಸುದ್ದಿ ಕಿವಿಗೆ ಬಿದ್ದಿದೆ. ಆಗ ಕಟ್ಟೆಯ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಲೈಸೆನ್ಸ್ ಮಾಡಿಸಿ ಒಂದು ರಿವಾಲ್ವರ್ ಇಟ್ಕಂಡ್ರೆ ಹೆಂಗ್ರಿ? ಯಾವುದು ಪವರ್ ಐತಿ ಹೇಳ್ರಿ." ಕೇಳುವವರು ಹೆಚ್ಚಾಗಿ ಹರೆಯದವರು. ಅಮೆರಿಕದವರು ಸೊಂಟಕ್ಕೆ ದೊಡ್ಡ ರಿವಾಲ್ವರ್ ಕಟ್ಟಿಕೊಂಡು ಕರಡಿ ಕಾಡು ಸುತ್ತುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿರುತ್ತಾರೆ. ಪ್ರಶ್ನೆ ಪ್ರಾಣಭಯದಿಂದ ಬಂದದ್ದು. ಅದಕ್ಕೆ ಸರಿಯಾದ ಉತ್ತರ ಕೊಡಬೇಕು.

ನನ್ನ ಉತ್ತರವನ್ನು ಮೊದಲೇ ಹೇಳುತ್ತೇನೆ. ನಮ್ಮ ಸೀಮೆಯ ಕರಡಿಗೆ ರಿವಾಲ್ವರ್ ಮದ್ದಲ್ಲ. ಹೊಲಕ್ಕೆ ಹೋಗುವ ದಾರಿಯಲ್ಲಿ ನೀವು ಮಾಡುವ ಸದ್ದು, ಕೈಯಲ್ಲಿನ ಬೆಳಕು, ಎದೆಯೆತ್ತರದ ಕೋಲು, ಜೊತೆಗೊಬ್ಬ ಮನುಷ್ಯ, ಈ ನಾಲ್ಕೂ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಹೀಗೆ ಬರಿದೇ ಹೇಳಿಬಿಟ್ಟರೆ ಯಾರೂ ಒಪ್ಪುವುದಿಲ್ಲ. ಮೊದಲು ನಮ್ಮ ಕರಡಿ ಎಂಥದ್ದು, ನಮಗೆ ಸಿಗುವ ರಿವಾಲ್ವರ್ ಎಂಥದ್ದು ಎಂದು ನೋಡೋಣ.

ನಾವಿರುವುದು ಕರಡಿಯ ನಾಡಿನ ನಡುವೆ. ಸಂಡೂರು ತಾಲ್ಲೂಕಿನ ದರೋಜಿ ಕರಡಿ ಧಾಮ 1994ರಿಂದ ಇದೆ. ಅಲ್ಲಿ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿಡುತ್ತಾರೆ, ಸಂಜೆ ಅದನ್ನು ನೆಕ್ಕಲು ಬರುವ ಕರಡಿಗಳನ್ನು ನೋಡಲು ಜನ ಸೇರುತ್ತಾರೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿ ಧಾಮ ಘೋಷಣೆಯಾದದ್ದು 2013ರಲ್ಲಿ. ಆಗ 38 ಚದರ ಕಿಲೋಮೀಟರ್ ಇದ್ದದ್ದನ್ನು 2019ರಲ್ಲಿ 167 ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಅರಸೀಕೆರೆ ಹೋಬಳಿಯ ಪಕ್ಕದ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಧಾಮವಿದೆ. ಹೆಸರು ಕೊಂಡುಕುರಿಯದಾದರೂ ಕರಡಿಗಳೂ ಅಲ್ಲಿವೆ. ಈ ಧಾಮಗಳ ನಡುವೆ ಇರುವುದೆಲ್ಲ ನಮ್ಮ ಹೊಲ, ಕುರಿಹಟ್ಟಿ, ಹುಣಸೆ ತೋಪು, ಸೀತಾಫಲದ ಗುಡ್ಡ. ಕರಡಿಗೆ ಗಡಿಕಲ್ಲು ಗೊತ್ತಿಲ್ಲ. ಕತ್ತಲಾದ ಮೇಲೆ ಅದು ಬಂಡೆ ಸಂದಿನಿಂದ ಇಳಿದು ಶೇಂಗಾ ಹೊಲ, ಮೆಕ್ಕೆಜೋಳ, ಕಲ್ಲಂಗಡಿ ಬಳ್ಳಿ ದಾಟಿ, ಊರಾಚೆಯ ಗುಡಿಯಲ್ಲಿ ದೀಪದ ಎಣ್ಣೆ, ಕಾಯಿ ಚೂರು ಹುಡುಕಿ, ಬೆಳಗಾಗುವುದರೊಳಗೆ ಗುಡ್ಡ ಸೇರುತ್ತದೆ.

ಬಂಡೆ ಕರಗಿದರೂ ಕರಗದ ಕ್ರೂರಿ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿರುವುದಕ್ಕೆ ಬೇಟೆ ಕತೆಗಳೂ ಕಾರಣ. ಕೆನೆತ್ ಆಂಡರ್ಸನ್ ಬರೆದ ಮೈಸೂರಿನ ಕರಿ ಕರಡಿಯ ಕತೆ ನಡೆಯುವುದೂ ಅರಸೀಕೆರೆಯ ಹತ್ತಿರವೇ, ಆದರೆ ಅದು ಹಾಸನ ಜಿಲ್ಲೆಯ ಅರಸೀಕೆರೆ, ನಮ್ಮ ಹರಪನಹಳ್ಳಿ ತಾಲ್ಲೂಕಿನದಲ್ಲ. ಕಂಡವರ ಮೇಲೆಲ್ಲ ಎರಗಿ ಹಲವರನ್ನು ಕೊಂದ ಆ ಒಂಟಿ ಕರಡಿ ಅಪರೂಪದ್ದು. ನಿಮ್ಮ ಹೊಲದ ಬದುವಿನಲ್ಲಿ ಎದುರಾಗುವ ಕರಡಿಗೆ ನಿಮ್ಮನ್ನು ತಿನ್ನುವ ಆಸೆ ಇಲ್ಲ. ಅದರ ಊಟ ಗೆದ್ದಲು, ಇರುವೆ, ಜೇನು, ಕಾರೆ, ಕವಳೆ, ಬಾರೆ, ನೇರಳೆ, ಸೀತಾಫಲ. ಮೇಲಿನ ಮುಂಹಲ್ಲು ಎರಡು ಇಲ್ಲದ ಬಾಯಿಂದ ಹುತ್ತದೊಳಕ್ಕೆ ಗಾಳಿ ಊದಿ ಮಣ್ಣು ಹಾರಿಸುತ್ತದೆ, ಮರುಗಳಿಗೆ ಜೋರಾಗಿ ಹೀರಿ ಗೆದ್ದಲು ಎಳೆದುಕೊಳ್ಳುತ್ತದೆ. ಗಾಳಿಯಿಲ್ಲದ ರಾತ್ರಿ ಈ ಬುಸುಬುಸು ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆ. ಒಮ್ಮೆ ಕಿವಿಗೆ ಅಭ್ಯಾಸವಾಯಿತೆಂದರೆ ಇದರಷ್ಟು ಒಳ್ಳೆಯ ಎಚ್ಚರಿಕೆ ಬೇರೆ ಇಲ್ಲ.

ತೊಂದರೆ ಬರುವುದೂ ಇಲ್ಲಿಂದಲೇ. ಹುತ್ತದಲ್ಲಿ ಮೂತಿ ಇಟ್ಟ ಕರಡಿಗೆ ತನ್ನದೇ ಸದ್ದಿನಲ್ಲಿ ನಿಮ್ಮ ಹೆಜ್ಜೆ ಕೇಳಿಸುವುದಿಲ್ಲ. ಕಣ್ಣು ಮೊದಲೇ ಮಂದ. ಗಾಳಿ ಅದರ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿದ್ದರೆ ವಾಸನೆಯೂ ಸಿಗುವುದಿಲ್ಲ. ನೀವು ಹತ್ತು ಹೆಜ್ಜೆ ಹತ್ತಿರ ಬಂದಾಗ ತಟ್ಟನೆ ತಿಳಿಯುತ್ತದೆ. ಹುಲಿ, ಚಿರತೆ ಇದ್ದ ಕಾಡಿನಲ್ಲಿ ಬೆಳೆದ ಜಾತಿ ಇದು. ಮರ ಏರಿದರೂ ಚಿರತೆ ಬಿಡದು, ಓಡಿದರೆ ಹುಲಿ ಬಿಡದು. ಹಾಗಾಗಿ ಬೆದರಿದ ಕೂಡಲೇ ಎದುರಿಗೆ ನುಗ್ಗುವುದೇ ಅದಕ್ಕೆ ರೂಢಿಯಾಗಿದೆ. ಮರಿ ಬೆನ್ನ ಮೇಲಿದ್ದರಂತೂ ಮಾತೇ ಇಲ್ಲ. ಮರಿ ಹೊತ್ತು ತಿರುಗುವ ತಾಯಿಕರಡಿ ಯೋಚಿಸಲು ನಿಲ್ಲುವುದಿಲ್ಲ.

ಈಗ ಲೆಕ್ಕ ಹಾಕಿ. ಕರಡಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನುಗ್ಗಿದರೆ ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು ದೂರ ಬರುತ್ತದೆ. ಹತ್ತು ಮೀಟರಿನಲ್ಲಿ ಎದ್ದ ಕರಡಿ ನಿಮ್ಮನ್ನು ಮುಟ್ಟಲು ಒಂದೂಕಾಲು ಸೆಕೆಂಡು ಸಾಕು. ಅಷ್ಟರೊಳಗೆ ನೀವು ಹೆಗಲ ಮೇಲಿನ ಟವೆಲ್ ಸರಿಸಿ, ಅಂಗಿ ಎತ್ತಿ, ತೊಗಲ ಚೀಲದ ಗುಂಡಿ ಬಿಚ್ಚಿ, ರಿವಾಲ್ವರ್ ಹಿರಿದು, ಇನ್ನೊಂದು ಕೈಯ ಟಾರ್ಚಿನ ಬೆಳಕನ್ನು ಅದರ ಮೇಲೆ ಹಿಡಿದು, ಕರಿ ಮೈಯನ್ನು ಕತ್ತಲಿನಲ್ಲಿ ಗುರುತಿಸಿ, ಟ್ರಿಗರ್ ಎಳೆಯಬೇಕು. ವರ್ಷಗಟ್ಟಲೆ ಅಭ್ಯಾಸ ಮಾಡಿದ ಪೊಲೀಸರಿಗೂ ಇದು ಸುಲಭವಲ್ಲ. ರಿವಾಲ್ವರಿನಂಥ ಆಯುಧದಲ್ಲಿ ನಳಿಕೆ ಗಿಡ್ಡ, ಕೈ ಒಂದಿಷ್ಟು ನಡುಗಿದರೂ ಗುರಿ ಮಾರುದೂರ ತಪ್ಪುತ್ತದೆ. ಹಿಂದೆ ಬರುತ್ತಿರುವ ತಮ್ಮನೋ ಆಳೋ ಆ ಗುಂಡಿಗೆ ಸಿಕ್ಕರೆ ಕರಡಿಗಿಂತ ದೊಡ್ಡ ದುರಂತ.

ಅಂಗಡಿಯಲ್ಲಿ ಸಿಗುವುದು ಯಾವುದು

"ಪವರ್ ಇರೋದು ತಗಂಡ್ರೆ?" ಎಂಬುದು ಮುಂದಿನ ಪ್ರಶ್ನೆ. ಅಮೆರಿಕದವರು ಕರಡಿ ಕಾಡಿಗೆ ಒಯ್ಯುವುದು .44 ಮ್ಯಾಗ್ನಮ್ ಅಥವಾ ಅದಕ್ಕೂ ದೊಡ್ಡ ರಿವಾಲ್ವರ್. ಅದರ ಗುಂಡು ನಳಿಕೆ ಬಿಡುವಾಗ 1,200 ಜೂಲ್‌ಗೂ ಹೆಚ್ಚಿನ ಶಕ್ತಿ ಹೊತ್ತಿರುತ್ತದೆ. ನಮ್ಮಲ್ಲಿ ಪರವಾನಗಿ ಇರುವ ಸಾಮಾನ್ಯ ನಾಗರಿಕ ಹೊಸದಾಗಿ ಕೊಳ್ಳುವುದು ಬಹುಪಾಲು .32 ಬೋರಿನ ರಿವಾಲ್ವರ್. ಅದರ ಗುಂಡಿನ ತೂಕ ಆರು ಗ್ರಾಮಿನ ಆಸುಪಾಸು, ಶಕ್ತಿ ಸುಮಾರು 175 ಜೂಲ್, ಅಂದರೆ ಮೊದಲಿನದರ ಏಳನೇ ಒಂದು ಭಾಗ. 9 ಎಂ.ಎಂ., .38, .455ರಂಥ ಪೊಲೀಸು, ಸೈನ್ಯದ ಬೋರುಗಳು ನಾಗರಿಕರಿಗೆ ನಿಷಿದ್ಧ. ವಿದೇಶದಿಂದ ತರಿಸಿಕೊಳ್ಳುವ ದಾರಿಯೂ ಸಾಮಾನ್ಯರಿಗಿಲ್ಲ.

ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ನಿರ್ಭೀಕ್ ಎಂಬ ಹಗುರ ರಿವಾಲ್ವರ್ ಹೊರತಂದಿತು. ಅರ್ಧ ಕಿಲೋ ತೂಕ, ಟೈಟಾನಿಯಂ ಮಿಶ್ರಲೋಹ, ಬಿಡುಗಡೆಯ ಹೊತ್ತಿನಲ್ಲಿ ಬೆಲೆ 1.22 ಲಕ್ಷ ರೂಪಾಯಿ. 2023ರಲ್ಲಿ ಅಲ್ಲಿಂದಲೇ ಪ್ರಬಲ್ ಬಂತು, ಗುಂಡು ತುಂಬುವ ಉರುಳೆ ಪಕ್ಕಕ್ಕೆ ತೆರೆದುಕೊಳ್ಳುವ ಮಾದರಿ. ಹೆಸರು ಪ್ರಬಲ ಎಂದಿದ್ದರೂ ಬೋರು ಅದೇ .32. ಇವೆಲ್ಲ ಪಟ್ಟಣದಲ್ಲಿ ಮನುಷ್ಯನಿಂದ ಮನುಷ್ಯ ರಕ್ಷಿಸಿಕೊಳ್ಳಲಿಕ್ಕೆಂದು ಮಾಡಿದವು. ನೂರು ಕಿಲೋ ದಾಟಿದ ಗಂಡು ಕರಡಿಯ ಉದ್ದ ಕೂದಲು, ದಪ್ಪ ಚರ್ಮ, ಅದರಡಿಯ ಸ್ನಾಯು ದಾಟಿ ಅದನ್ನು ಅಲ್ಲೇ ನಿಲ್ಲಿಸುವಷ್ಟು ಕಸುವು ಈ ಗುಂಡಿಗಿಲ್ಲ. ನಿಲ್ಲಿಸಲಾರದೆ ಗಾಯ ಮಾತ್ರ ಮಾಡಿದಿರೋ, ಅದು ನಿಮ್ಮನ್ನೂ ಬಿಡುವುದಿಲ್ಲ, ಮಾರನೆಯ ದಿನ ಸೌದೆಗೆ ಬಂದ ಹೆಣ್ಣುಮಕ್ಕಳನ್ನೂ ಬಿಡುವುದಿಲ್ಲ.

ದೊಡ್ಡ ರಿವಾಲ್ವರ್ ಇದ್ದ ದೇಶದ ಅನುಭವವನ್ನೂ ಕೇಳಿ. ಅಲಾಸ್ಕದ ಕರಡಿ ದಾಳಿಗಳನ್ನು ಟಾಮ್ ಸ್ಮಿತ್ ಮತ್ತು ಸಂಗಡಿಗರು ಬಹಳ ವರ್ಷ ಅಭ್ಯಾಸ ಮಾಡಿದ್ದಾರೆ. ಬಂದೂಕು ಜೊತೆಗಿದ್ದ 269 ಘಟನೆಗಳನ್ನು ಕೂಡಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕು ಬಳಸಿದವರಿಗೂ ಬಳಸದವರಿಗೂ ಗಾಯವಾದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮುಂಚೆ, 2008ರಲ್ಲಿ, ಮೆಣಸಿನ ಖಾರದ ಕರಡಿ ಸ್ಪ್ರೇ ಬಗ್ಗೆ ಇದೇ ತಂಡ ಬರೆದ ಲೇಖನ ಹೇಳಿದ್ದು ಬೇರೆಯೇ: ಸ್ಪ್ರೇ ಬಳಸಿದವರಲ್ಲಿ ನೂರಕ್ಕೆ 98 ಜನ ಗಾಯವಿಲ್ಲದೆ ಪಾರಾಗಿದ್ದರು. ಇದೇ ಸ್ಮಿತ್ ಮುಂದೆ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯ ಸಂಶೋಧಕರ ಜೊತೆ ಕರ್ನಾಟಕದ ದಖ್ಖನ್ ಬಯಲಿನ ಕರಡಿ ದಾಳಿಗಳ ಅಧ್ಯಯನದಲ್ಲೂ ಪಾಲುಗೊಂಡರು. ಅಂದರೆ ಅಲಾಸ್ಕದ ಕರಡಿಯನ್ನು ಅಭ್ಯಾಸ ಮಾಡಿದವರು ನಮ್ಮ ಬಂಡೆ ಗುಡ್ಡದ ಕರಡಿಯನ್ನೂ ಅಭ್ಯಾಸ ಮಾಡಿದ್ದಾರೆ.

ಆ ದೊಡ್ಡ ಸ್ಪ್ರೇ ಡಬ್ಬಿ ನಮ್ಮ ಪೇಟೆಯಲ್ಲಿ ಸುಲಭಕ್ಕೆ ಸಿಗದು. ಹೆಣ್ಣುಮಕ್ಕಳ ರಕ್ಷಣೆಗೆಂದು ಮಾರುವ ಅಂಗೈ ಗಾತ್ರದ ಪೆಪ್ಪರ್ ಸ್ಪ್ರೇ ಎರಡು ಮೂರು ಮೀಟರಿಗಷ್ಟೇ ಚಿಮ್ಮುತ್ತದೆ, ಎದುರುಗಾಳಿಗೆ ನಿಮ್ಮ ಕಣ್ಣಿಗೇ ಬರುತ್ತದೆ. ಜೇಬಿನಲ್ಲಿದ್ದರೆ ಇರಲಿ, ಅದನ್ನೇ ನಂಬಿ ಹೊರಡಬೇಡಿ.

ಬಂದೂಕು ಇದ್ದವರಿಗೆ, ಬೇಕೆನ್ನುವವರಿಗೆ

ನಮ್ಮ ತಾಲ್ಲೂಕುಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಸಿಂಗಲ್ ಬ್ಯಾರಲ್, ಡಬಲ್ ಬ್ಯಾರಲ್ ಬಂದೂಕು ಇಟ್ಟುಕೊಂಡ ಮನೆಗಳಿವೆ. 12 ಬೋರಿನ ತೋಟಾ .32 ಗುಂಡಿಗಿಂತ ಬಹಳ ಬಲವುಳ್ಳದ್ದು, ನಿಜ. ಆದರೆ ಆ ಲೈಸೆನ್ಸು ಕರಡಿ ಕೊಲ್ಲುವ ಅನುಮತಿಯಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಕರಡಿ. ಅದನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ನಿಮ್ಮ ಅಥವಾ ಇನ್ನೊಬ್ಬರ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅಥವಾ ಗಾಯಗೊಳಿಸಿದರೆ ಅಪರಾಧವಲ್ಲ ಎಂದು ಅದೇ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಆದರೆ ಆ ಹೊತ್ತಿಗೆ ನೀವೇ ಆ ಕಾಯ್ದೆ ಮೀರಿ ಏನಾದರೂ ಮಾಡುತ್ತಿದ್ದರೆ, ಉದಾಹರಣೆಗೆ ಲೈಸೆನ್ಸಿಲ್ಲದ ನಾಡಬಂದೂಕು ಹಿಡಿದು ಹಂದಿ ಬೇಟೆಗೆ ಕೂತಿದ್ದರೆ, ಈ ರಕ್ಷಣೆ ಸಿಗುವುದಿಲ್ಲ. ಬೆಳೆ ಉಳಿಸಲು ಕರಡಿ ಹೊಡೆದೆ ಎಂಬುದೂ ನಡೆಯುವ ಮಾತಲ್ಲ.

ಗುಡೇಕೋಟೆ, ರಂಗಯ್ಯನದುರ್ಗ ಸುತ್ತಿನವರು ಇನ್ನೊಂದು ವಿಷಯ ತಿಳಿದಿರಬೇಕು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸವಿರುವ ಬಂದೂಕುದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಆ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು. 34ನೇ ಕಲಮಿನ ಈ ಮಾತನ್ನು ಅರ್ಜಿ ಬರೆದುಕೊಡುವವರು ಬಹಳ ಸಲ ಹೇಳುವುದೇ ಇಲ್ಲ. ಅರ್ಜಿ ಹಾಕಿ ವರ್ಷವಾದರೂ ಕಡತ ಮುಂದೆ ಹೋಗದಿದ್ದಾಗ ಇದೂ ಒಂದು ಕಾರಣವೇ ಎಂದು ವಿಚಾರಿಸಿ. ಅಭಯಾರಣ್ಯದ ಒಳಕ್ಕಂತೂ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ, ಲೈಸೆನ್ಸ್ ಇದ್ದರೂ.

ಲೈಸೆನ್ಸಿನ ದಾರಿ ಹೀಗಿದೆ. ಜಿಲ್ಲಾಧಿಕಾರಿಗಳಿಗೆ ಅರ್ಜಿ, ಪೊಲೀಸ್ ಪರಿಶೀಲನೆ, ಆಯುಧ ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ. 2019ರ ತಿದ್ದುಪಡಿಯ ಮೇಲೆ ಲೈಸೆನ್ಸಿನ ಅವಧಿ ಐದು ವರ್ಷ, ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಆಯುಧ ಇರುವಂತಿಲ್ಲ. ಚುನಾವಣೆ ಬಂತೆಂದರೆ ಬಂದೂಕು ಠಾಣೆ ಸೇರುತ್ತದೆ, ನೀತಿಸಂಹಿತೆ ಮುಗಿಯುವವರೆಗೆ ಮನೆಗೆ ಬರುವುದಿಲ್ಲ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎನ್ನುವವರುಂಟು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಆ ಹಳೆಯ ವಿನಾಯಿತಿಯೂ ಒಂದು ರೈಫಲ್, ಒಂದು ನಯ ನಳಿಕೆಯ ಬಂದೂಕಿಗೆ ಮಾತ್ರ. ರಿವಾಲ್ವರಿಗೆ ಅವರೂ ಲೈಸೆನ್ಸ್ ಪಡೆಯಬೇಕು.

ಬಂದೂಕು ಈಗಾಗಲೇ ಇದ್ದರೆ ಅದನ್ನು ಮನೆಯಲ್ಲಿ ಬೀಗದೊಳಗೆ ಇಡಿ, ತೋಟಾ ಬೇರೆ ಕಡೆ ಇಡಿ. ನನ್ನ ಅಭಿಪ್ರಾಯ ಕೇಳಿದರೆ, ಕತ್ತಲಲ್ಲಿ ತುಂಬಿದ ಬಂದೂಕು ಹೆಗಲಿಗೇರಿಸಿಕೊಂಡು ಬದುವಿನ ಮೇಲೆ ಎಡವಿ ನಡೆಯುವುದು ಕರಡಿಯಷ್ಟೇ ಅಪಾಯ. ನಾಡಬಂದೂಕು, ಹಂದಿಗೆಂದು ಇಡುವ ಸಿಡಿಮದ್ದು, ಉರುಳು, ಕಂಬದಿಂದ ನೇರ ಎಳೆದ ಕರೆಂಟು ತಂತಿ, ಇವುಗಳ ಹತ್ತಿರವೂ ಹೋಗಬೇಡಿ. ಸಿಡಿಮದ್ದು ಕಚ್ಚಿ ದವಡೆ ಒಡೆದುಕೊಂಡ ಎಮ್ಮೆಯನ್ನು ಒಮ್ಮೆ ನೋಡಿದವರು ಅದನ್ನು ಮತ್ತೆ ಹೊಲದಲ್ಲಿ ಇಡುವುದಿಲ್ಲ. ತಂತಿಗೆ ಸಿಕ್ಕಿ ಸಾಯುವವರಲ್ಲಿ ಹೊಲದವನ ಮನೆಯವರೇ ಇರುತ್ತಾರೆ.

ಕೋಲು, ಬೆಳಕು, ಗಂಟಲು

ಇನ್ನು ನಿಜವಾಗಿ ಕೈಯಲ್ಲಿ ಇರಬೇಕಾದ್ದರ ಮಾತು. ಕೋಲನ್ನು ಆರಿಸುವುದರಲ್ಲಿ ಅಸಡ್ಡೆ ಮಾಡಬೇಡಿ. ಗಟ್ಟಿ ಬಿದಿರು ಎಲ್ಲಕ್ಕಿಂತ ಒಳ್ಳೆಯದು, ಟೊಳ್ಳು ಕಡಿಮೆ ಇರುವಂಥದ್ದು. ನೆಲಕ್ಕೂರಿದರೆ ನಿಮ್ಮ ಎದೆಯಿಂದ ಹೆಗಲಿನವರೆಗೆ ಬರಬೇಕು. ಮೊಣಕಾಲುದ್ದದ ದೊಣ್ಣೆಯಿಂದ ಹೊಡೆಯಬೇಕಾದರೆ ಕರಡಿ ಮುಖದ ಹತ್ತಿರವೇ ಬಂದಿರುತ್ತದೆ. ಬೆರಳುದ್ದದ ಅದರ ಉಗುರುಗಳಿಗೆ ನಿಮ್ಮ ಮುಖ ಸಿಗದಷ್ಟು ದೂರ ಹಿಡಿಯುವುದು ಕೋಲಿನ ಕೆಲಸ. ತುದಿಗೆ ಕಬ್ಬಿಣದ ಕೊಳವೆ ಹಾಕಿಸಿ, ಬಂಡೆ ಮೇಲೆ ಕುಟ್ಟಿದಾಗ ಠಣ್ ಎನ್ನಬೇಕು. ಮೇಲ್ತುದಿಗೆ ಎತ್ತಿನ ಕೊರಳ ಗೆಜ್ಜೆ ಮೂರು ನಾಲ್ಕು ಬಿಗಿದುಕೊಂಡರೆ ನಡೆದಂತೆಲ್ಲ ತಾನೇ ಸದ್ದು ಮಾಡುತ್ತದೆ. ಗುಜರಾತಿನ ಕರಡಿ ಸಂಶೋಧಕರು ಇಂಥದೇ ಗಂಟೆ ಕಟ್ಟಿದ ಕೋಲನ್ನು ಕಾಡಂಚಿನ ಜನರಿಗೆ ಹೇಳಿಕೊಟ್ಟಿದ್ದಾರೆ. ನಮ್ಮ ಕುರುಬರ ಹಟ್ಟಿಯಲ್ಲಿ ಟಗರಿನ ಕೊರಳ ಗಂಟೆ ಇದ್ದೇ ಇದೆ.

ಕೊಡಲಿ, ಕುಡುಗೋಲು ಹಿಡಿಯುವವರು ಹಿಡಿಯಲಿ, ಆದರೆ ಅವು ಗಿಡ್ಡ. ಅವುಗಳಿಂದ ಹೊಡೆಯುವಷ್ಟು ಹತ್ತಿರಕ್ಕೆ ಕರಡಿಯನ್ನು ಬಿಟ್ಟುಕೊಳ್ಳಬೇಕಾಗುತ್ತದೆ.

ಬ್ಯಾಟರಿ ಎರಡಿರಲಿ. ಒಂದು ತಲೆಗೆ ಕಟ್ಟುವಂಥದ್ದು, ಕೈ ಬಿಡುವಾಗುತ್ತದೆ. ಇನ್ನೊಂದು ದೂರಕ್ಕೆ ಬೀರುವಂಥದ್ದು. ಮೊಬೈಲಿನ ಬೆಳಕು ಕಾಲಬುಡಕ್ಕೆ ಸಾಕು, ಮುಂದಿನ ತಿರುವಿಗೆ ಸಾಲದು. ಬೆಳಕನ್ನು ನಿಮ್ಮ ಹೆಜ್ಜೆಯ ಮೇಲೆಯೇ ಇಡದೆ ಇಪ್ಪತ್ತು ಮೂವತ್ತು ಮಾರು ಮುಂದೆ ಆಡಿಸುತ್ತಾ ನಡೆಯಿರಿ. ಪೊದೆಯ ಪಕ್ಕ, ಹುತ್ತದ ಪಕ್ಕ, ಒಣಹಳ್ಳದ ತಿರುವು, ಬಂಡೆ ಸಂದಿ ಬಂದಾಗ ನಿಲ್ಲಿ, ಎರಡು ಸಲ ಜೋರಾಗಿ ಕೂಗಿ, ಕೋಲು ಕುಟ್ಟಿ, ಕಿವಿಗೊಟ್ಟು ಆಮೇಲೆ ಮುಂದೆ ಹೋಗಿ.

ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಹೋದರೆ ಸದ್ದಾಯಿತಲ್ಲ ಎಂದು ಕೇಳುವವರಿದ್ದಾರೆ. ಹೊರಗೆ ಕೇಳುವಂತೆ ಹಾಕಿದರೆ ಒಳ್ಳೆಯದೇ. ಕಿವಿಯೊಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಮಾತ್ರ ನಿಮಗೆ ಕರಡಿಯ ಬುಸುಬುಸು ಕೇಳಿಸುವುದಿಲ್ಲ, ಕರಡಿಗೆ ನೀವು ಬರುವುದು ಗೊತ್ತಾಗುವುದಿಲ್ಲ. ಇಬ್ಬರಿದ್ದರೆ ಮಾತಾಡುತ್ತಾ ನಡೆಯಿರಿ. ಕೊಟ್ಟೂರು ತೇರಿಗೆ, ಉಚ್ಚಂಗಿದುರ್ಗಕ್ಕೆ ರಾತ್ರಿ ನಡೆದು ಹೋಗುವವರು ಗುಂಪು ಬಿಡಬೇಡಿ, ಬಹಿರ್ದೆಸೆಗೆಂದು ಒಬ್ಬರೇ ರಸ್ತೆ ಬಿಟ್ಟು ಪೊದೆಯತ್ತ ಇಳಿಯಬೇಡಿ. ಚಳಿಗಾಲದಲ್ಲಿ ಈದ ಕರಡಿಗಳು ಮರಿ ಹೊತ್ತು ಗವಿಯಿಂದ ಹೊರಬೀಳುವುದೂ ಆ ತೇರು, ಜಾತ್ರೆಯ ತಿಂಗಳುಗಳಲ್ಲೇ.

ಬೈಕಿನಲ್ಲಿ ಹೊಲಕ್ಕೆ ಹೋಗುವವರಿಗೆ ಇನ್ನೊಂದು ಸಲಹೆ. ಬೈಕ್ ನಿಲ್ಲಿಸಿದ ಮೇಲೆ ಹೆಲ್ಮೆಟ್ ಕಳಚಿ ಹ್ಯಾಂಡಲ್ಲಿಗೆ ನೇತುಹಾಕಬೇಡಿ. ಗಾಜು ಮೇಲೆತ್ತಿಕೊಂಡು, ಹಾಗೆಯೇ ಮೋಟರ್ ಮನೆಯವರೆಗೆ ನಡೆಯಿರಿ. ಕರಡಿಯ ಏಟು ಬೀಳುವುದು ಹೆಚ್ಚಾಗಿ ತಲೆಗೆ, ಮುಖಕ್ಕೆ, ಕಣ್ಣಿಗೆ. ಬದುಕಿ ಉಳಿದವರ ಮುಖ ನೋಡಿದವರಿಗೆ ಹೆಲ್ಮೆಟ್ಟಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ಕಿವಿ ಮುಚ್ಚಿದಂತಾಗುತ್ತದೆ ಎಂಬುದು ನಿಜ, ಅದಕ್ಕೇ ಆಗಾಗ ನಿಂತು ಆಲಿಸಬೇಕು.

ಎಲ್ಲಕ್ಕಿಂತ ಮೇಲಾದ ಖರ್ಚು ಯಾವುದೆಂದರೆ ರಾತ್ರಿ ಹೋಗುವುದನ್ನೇ ತಪ್ಪಿಸುವ ಖರ್ಚು. ಮೊಬೈಲಿನಿಂದ ಮೋಟರ್ ಹಾಕಿ ಆರಿಸುವ ಸ್ಟಾರ್ಟರ್ ಪೆಟ್ಟಿಗೆಗೆ ರಿವಾಲ್ವರಿನ ಬೆಲೆಯ ಸಣ್ಣ ಪಾಲು ಸಾಕು. ಹನಿ ನೀರಾವರಿ ಇದ್ದರೆ ಗೇಟ್‌ವಾಲ್ವ್ ಹಗಲೇ ತಿರುಗಿಸಿಟ್ಟು ಬರಬಹುದು. ದಾಳಿಂಬೆ, ಪಪ್ಪಾಯಿ, ಕಲ್ಲಂಗಡಿ ಇರುವ ಕಡೆ ಸೌರ ಬೇಲಿ ಹಾಕಿಸಿ. ಅದು ತಟ್ಟಿ ಬಿಡುವ ಕರೆಂಟು, ಕೊಲ್ಲುವುದಿಲ್ಲ. ಉದುರಿದ ಹಣ್ಣು, ಕೊಳೆತ ಕಲ್ಲಂಗಡಿಯನ್ನು ಬದುವಿಗೆ ಎಸೆಯದೆ ಹೂಳಿ. ರಾತ್ರಿಪಾಳಿಯ ಕರೆಂಟನ್ನು ಹಗಲಿಗೆ ಬದಲಿಸಿ ಎಂದು ಗುಡ್ಡದಂಚಿನ ಊರಿನವರೆಲ್ಲ ಒಟ್ಟಾಗಿ ಬರೆದುಕೊಡುವುದೂ ಪ್ರಾಣ ಉಳಿಸುವ ಕೆಲಸವೇ. ಅಧಿಕಾರಿಗಳು ಇದನ್ನು ಬೇಡಿಕೆಗಳಲ್ಲೊಂದು ಎಂದು ಬದಿಗಿಡಬಾರದು.

ನಾಯಿ ಜೊತೆಗಿದ್ದರೆ ಧೈರ್ಯ ಎನ್ನುತ್ತಾರೆ. ಹಗ್ಗದಲ್ಲಿದ್ದರೆ ಸರಿ. ಬಿಟ್ಟ ನಾಯಿ ಮುಂದೆ ಓಡಿ, ಮಲಗಿದ ಕರಡಿಯನ್ನು ಕೆಣಕಿ, ಬಾಲ ಮುದುರಿಕೊಂಡು ನಿಮ್ಮ ಕಾಲಬುಡಕ್ಕೆ ಬರುತ್ತದೆ, ಬೆನ್ನಟ್ಟಿದ ಕರಡಿಯೂ ಜೊತೆಗೇ ಬರುತ್ತದೆ. ಪಟಾಕಿ ದೂರದಿಂದ ಅಂಜಿಸಲು ಆಗುತ್ತದೆ, ಬೇಸಿಗೆಯ ಒಣ ಬಾದೆಹುಲ್ಲಿನಲ್ಲಿ ಮಾತ್ರ ಹಚ್ಚಬೇಡಿ.

ದಾರಿಯ ಗುರುತುಗಳನ್ನೂ ಓದಿ. ಹಸಿ ಮಣ್ಣು ಹೊರಗೆ ಚೆಲ್ಲಿದ, ಉದ್ದ ಗೆರೆ ಬಿದ್ದ ಹುತ್ತ ರಾತ್ರಿಯೇ ಅಗೆದದ್ದು. ಹೆಜ್ಜೆ ಮನುಷ್ಯನ ಬರಿಗಾಲನ್ನು ಹೋಲುತ್ತದೆ, ಐದು ಬೆರಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ, ಅವುಗಳ ಮುಂದೆ ಉಗುರಿನ ಚುಕ್ಕೆ. ಲದ್ದಿಯಲ್ಲಿ ಹಣ್ಣಿನ ಬೀಜ, ಇರುವೆ ಚಿಪ್ಪು ಕಾಣುತ್ತವೆ. ಇವು ಕಂಡ ಕಡೆ ಹಗಲು ಹೊತ್ತಿನಲ್ಲೂ ಸೀತಾಫಲ, ಸೌದೆ, ಪೊರಕೆಕಡ್ಡಿಗೆ ಒಬ್ಬರೇ ಹೋಗಬೇಡಿ. ಹಗಲೆಲ್ಲ ಪೊದೆಯ ನೆರಳಲ್ಲಿ ಮಲಗಿದ ಕರಡಿಯನ್ನು ತುಳಿದಷ್ಟು ಹತ್ತಿರ ಹೋಗಿ ಎಬ್ಬಿಸಿದಾಗ ಆದ ದಾಳಿಗಳು ಕಡಿಮೆಯಲ್ಲ.

ಎದುರಾದರೆ

ದೂರದಲ್ಲಿ ಕಂಡರೆ ನಿಂತುಬಿಡಿ. ಅದಕ್ಕೆ ನೀವು ಗೊತ್ತಾಗಿಲ್ಲದಿದ್ದರೆ ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದೆ ಸರಿಯಿರಿ. ಗೊತ್ತಾಗಿದ್ದರೆ ಸಮದನಿಯಲ್ಲಿ ಮಾತಾಡುತ್ತಾ, ಬೆನ್ನು ತೋರಿಸದೆ ನಿಧಾನ ಹಿಂದಕ್ಕೆ ಹೋಗಿ, ಅದಕ್ಕೆ ದಾರಿ ಬಿಡಿ. ಓಡಬೇಡಿ. ಮರ ಹತ್ತಬೇಡಿ, ಅದು ನಿಮಗಿಂತ ಚೆನ್ನಾಗಿ ಹತ್ತುತ್ತದೆ. ಕಲ್ಲೆಸೆದು, ವಿಡಿಯೊ ಮಾಡಲು ಬೆನ್ನುಹತ್ತಿ ಅದನ್ನು ಮೂಲೆಗೆ ಒತ್ತುವ ಗುಂಪಿನಲ್ಲಿ ನಿಲ್ಲಬೇಡಿ. ಊರೊಳಗೆ ಬಂದ ಕರಡಿಯಿಂದ ಹೆಚ್ಚು ಜನ ಗಾಯಗೊಳ್ಳುವುದು ಹೀಗೆ ಸುತ್ತುಗಟ್ಟಿದಾಗ.

ನುಗ್ಗಿ ಬಂದರೆ, ಜನ ಇದ್ದರೆ ಒತ್ತೊತ್ತಾಗಿ ನಿಂತು ಕೋಲುಗಳನ್ನು ಮುಂದೆ ಚಾಚಿ ಒಟ್ಟಿಗೆ ಕೂಗಿ. ಎಷ್ಟೋ ಸಲ ಅದು ಅರ್ಧ ದಾರಿಗೆ ಬಂದು ತಿರುಗುತ್ತದೆ. ಮೈಗೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಮುಖ ನೆಲಕ್ಕೆ, ಎರಡೂ ಕೈಬೆರಳು ಹೆಣೆದು ಕುತ್ತಿಗೆಯ ಹಿಂದೆ, ಮೊಣಕೈ ಕೆನ್ನೆಗೆ ಒತ್ತಿ. ಬೆನ್ನು ಹರಿದರೂ ಹೊಲಿಯಬಹುದು, ಕಣ್ಣು ಹೋದರೆ ಬರುವುದಿಲ್ಲ. ಅಂಜಿಕೆ ನೀಗಿದ ಮೇಲೆ ಕರಡಿ ತಾನಾಗಿ ಬಿಟ್ಟು ಹೋಗುತ್ತದೆ. ದೂರ ಹೋಯಿತೆಂದು ಖಚಿತವಾಗುವವರೆಗೆ ಏಳಬೇಡಿ.

ಗಾಯಕ್ಕೆ ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಏನೂ ಹಾಕಬೇಡಿ. ಜೋತ ಚರ್ಮವನ್ನು ಕತ್ತರಿಸದೆ ಅದರ ಜಾಗಕ್ಕೆ ಮೆಲ್ಲಗೆ ಕೂರಿಸಿ, ಒಗೆದ ಬಟ್ಟೆಯಿಂದ ಒತ್ತಿ ಕಟ್ಟಿ. ವೈದ್ಯರು ಅದನ್ನೇ ಮತ್ತೆ ಹೊಲಿಯುತ್ತಾರೆ. 108ಕ್ಕೆ ಫೋನ್ ಮಾಡಿ. ಅರಸೀಕೆರೆ ಕಡೆಯವರಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ, ಕೂಡ್ಲಿಗಿಯ ಆಚೆಯವರಿಗೆ ಬಳ್ಳಾರಿಯ ದೊಡ್ಡಾಸ್ಪತ್ರೆ. ಧನುರ್ವಾಯುವಿನ ಚುಚ್ಚುಮದ್ದಿನ ಜೊತೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಕೇಳಿ ಹಾಕಿಸಿಕೊಳ್ಳಿ. ಕರಡಿ ಕಡಿತ ಕೂಡ ಆ ಲೆಕ್ಕಕ್ಕೆ ಬರುತ್ತದೆ, ಆಳವಾದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಸಹ ಬೇಕು. ಮೊದಲ ಡೋಸಿಗೆ ನಿಲ್ಲಿಸದೆ ಎಲ್ಲ ಡೋಸು ಮುಗಿಸಿ.

ಅರಣ್ಯ ಇಲಾಖೆಯ ಸಹಾಯವಾಣಿ 1926. ಆ ದಿನವೇ ತಿಳಿಸಿ, ವಲಯ ಅರಣ್ಯಾಧಿಕಾರಿಗಳ ಕಡೆಯವರು ಸ್ಥಳಕ್ಕೆ ಬಂದು ಮಹಜರು ಬರೆಯುವವರೆಗೆ ಹೆಜ್ಜೆ ಗುರುತು, ರಕ್ತದ ಕಲೆ, ಹರಿದ ಬಟ್ಟೆ ಹಾಗೆಯೇ ಇರಲಿ, ಫೋಟೊ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯ ಬಿಲ್ಲು, ಡಿಸ್ಚಾರ್ಜ್ ಪತ್ರ, ಗಾಯದ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹೊಲದ ಪಹಣಿ ಒಂದೇ ಚೀಲದಲ್ಲಿಡಿ. ಚಿಕಿತ್ಸೆಯ ವೆಚ್ಚ, ಶಾಶ್ವತ ಅಂಗವಿಕಲತೆ, ಸಾವು, ಬೆಳೆ ಹಾನಿ, ಇವಕ್ಕೆಲ್ಲ ಬೇರೆ ಬೇರೆ ಪರಿಹಾರ ಇದೆ. ಮೊತ್ತವನ್ನು ಸರ್ಕಾರ ಆಗಾಗ ಹೆಚ್ಚಿಸುತ್ತಿರುವುದರಿಂದ ಅರ್ಜಿ ಕೊಡುವ ದಿನದ ದರವನ್ನು ವಲಯ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ, ಅರ್ಜಿಯ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡೇ ಹೊರಬನ್ನಿ.